ಮಲೆನಾಡಿನ ಮಳೆಗೆ ಯಾವ ಮಳೆಮಾಪಕ? ನಮ್ಮನೆಯ ಫೈಬರ್ ಮಾಪಕದ ಬಗ್ಗೆ ಒಂದಿಷ್ಟು

ಮನೆಯಲ್ಲೇ ಮಳೆ ಅಳೆಯಬೇಕು ಅಂತ ಆಸೆ ಇರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಮಾಪಕ ತಗೊಳ್ಳೋದು? ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಾದರೆ ಬ್ಯಾಟರಿ, ವೈಫೈ ಯಾವುದೂ ಇಲ್ಲದ, ಕೈಯಲ್ಲಿ ಸುರಿದು ಅಳೆಯುವ ಫೈಬರ್ ಮಾಪಕವನ್ನೇ ತಗೊಳ್ಳಿ. ಬಾಯಿ 100 ಚದರ ಸೆಂಟಿಮೀಟರಿನದಿರಲಿ, ಒಳಗಿನ ಬಾಟಲಿ 4 ಲೀಟರಿನದಿರಲಿ. ಜೊತೆಗೆ ಅದಕ್ಕೇ ಅಂತ ಮಾಡಿದ ಅಳತೆ ಗ್ಲಾಸು. ಬಾಟಲಿ ಮಾತ್ರ ಒಂದು ಜಾಸ್ತಿ ತರಿಸಿಕೊಳ್ಳಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಕೆಲಸ ಮಾಡುವುದು ಮಾತ್ರ ಮೇಗರವಳ್ಳಿ ಹತ್ತಿರದ ನಮ್ಮ ಮನೆಯ ಉಪ್ಪರಿಗೆಯಲ್ಲಿ ಕೂತು. ಆ್ಯಪಿನಲ್ಲಿ ಜನ ಎಲ್ಲಿ ಒತ್ತಿದರು, ಎಲ್ಲಿ ಬೇಜಾರಾಗಿ ಬಿಟ್ಟು ಹೋದರು ಅಂತ ನೋಡುವುದು, ಮುಂದೆ ಏನು ಮಾಡಬೇಕು ಅಂತ ತೀರ್ಮಾನಿಸುವುದು, ಅದನ್ನು ಹತ್ತು ಜನಕ್ಕೆ ಒಪ್ಪಿಸುವುದು ನನ್ನ ಕೆಲಸ. ಸಹೋದ್ಯೋಗಿಗಳಲ್ಲಿ ಒಬ್ಬರು ಮ್ಯಾರಥಾನ್ ಓಡುತ್ತಾರೆ. ಇನ್ನೊಬ್ಬರು ಶನಿವಾರ ಪೂರ್ತಿ ಮಣ್ಣಿನ ಪಾತ್ರೆ ಮಾಡುತ್ತಾರೆ. ನನ್ನದು ಮಳೆ. ಅಳೆಯುವುದು, ಬರೆದಿಡುವುದು, ಹೋದ ವರ್ಷದ ಪುಟ ತೆಗೆದು ಪಕ್ಕದಲ್ಲಿಟ್ಟು ನೋಡುವುದು. ಇಷ್ಟು ಖುಷಿ ಕೊಡುವ ಇನ್ನೊಂದು ಹವ್ಯಾಸ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಮಳೆಯ ಮಾತಿಲ್ಲದೆ ದಿನ ಶುರುವಾಗುವುದಿಲ್ಲ. ತುಂಗೆ ತುಂಬಿದ್ದು ಶಿವಮೊಗ್ಗ ಪೇಟೆಯವರಿಗೆ ಗೊತ್ತಾಗುವುದು ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿದಾಗ. ತೀರ್ಥಹಳ್ಳಿಯವರು ರಾಮಮಂಟಪ ನೋಡುತ್ತಾರೆ. ಅಣೆಕಟ್ಟು ತುಂಬುವ ಮಟ್ಟ ಲಿಂಗನಮಕ್ಕಿಗೆ 1,819 ಅಡಿ, ಭದ್ರಾಕ್ಕೆ 186 ಅಡಿ ಅನ್ನೋದು ಶಾಲೆ ಮಕ್ಕಳಿಗೂ ಬಾಯಿಪಾಠ. ಆದರೆ ನಮ್ಮ ಸ್ವಂತ ಅಂಗಳದಲ್ಲಿ ನಿನ್ನೆ ಎಷ್ಟು ಬಿತ್ತು ಅಂದರೆ "ಜೋರು", "ಬಾರೀ ಜೋರು" ಇಷ್ಟೇ ಉತ್ತರ. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು, ರಸ್ತೆ ಕಡಿದು, ಕರೆಂಟಿಲ್ಲದೆ ಕೂತಿದ್ದಾಗ ಮನೆಯಲ್ಲಿ ಇದೇ ಚರ್ಚೆ. ಹಿಂದೆ ಇದಕ್ಕಿಂತ ಜಾಸ್ತಿ ಬಂದಿತ್ತು ಅಂತ ಮಾವ. ಇಲ್ಲ, ಇಷ್ಟು ಯಾವತ್ತೂ ಬಂದಿಲ್ಲ ಅಂತ ಅತ್ತೆ. ಯಾರ ಹತ್ತಿರವೂ ಲೆಕ್ಕ ಇರಲಿಲ್ಲ. ನನ್ನ ಆಸಕ್ತಿ ಹುಟ್ಟಿದ್ದು ಅಲ್ಲೇ.

ಕಾಫಿ ತೋಟದವರು ಈ ವಿಷಯದಲ್ಲಿ ನಮಗಿಂತ ಎಷ್ಟೋ ಮುಂದೆ. ಕೊಪ್ಪ, ಚಿಕ್ಕಮಗಳೂರು ಕಡೆ ಎಸ್ಟೇಟಿನಲ್ಲಿ ಮಾಪಕ ಇಲ್ಲದಿದ್ದರೆ ಆಗುವುದೇ ಇಲ್ಲ. ಅವರ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿ.ಮೀ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಒಂದಿಂಚು ಬಿತ್ತಾ, ಮುಕ್ಕಾಲಿಂಚಿಗೇ ನಿಂತಿತಾ ಅನ್ನುವುದರ ಮೇಲೆ ಅವರ ವರ್ಷದ ಫಸಲು ನಿಂತಿರುತ್ತದೆ. ಅಡಿಕೆಯವರಿಗೆ ಅಂಥ ಅವಸರ ಇರಲಿಲ್ಲವೇನೋ. ಈಗ ನಮ್ಮಲ್ಲೂ ಮಾಪಕ ಇಡುವವರು ಜಾಸ್ತಿ ಆಗುತ್ತಿದ್ದಾರೆ. ನನಗೆ ಅದು ತುಂಬ ಸಂತೋಷ.

ಇನ್ನು ಮಾಪಕದ ವಿಷಯ. ಹಳೇ ಕಾಲದ್ದು ಸೈಮನ್ಸ್ ಮಾಪಕ. 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಊರೂರಿನ ಆಸಕ್ತರನ್ನು ಒಟ್ಟು ಮಾಡಿ ಮಳೆ ಅಳೆಸಿದ ಜಾರ್ಜ್ ಸೈಮನ್ಸ್ ಅವರ ಹೆಸರಿನದು. ಐದು ಇಂಚು, ಅಂದರೆ 127 ಮಿ.ಮೀ. ಅಗಲದ ಬಾಯಿಯ ಲೋಹದ ಡಬ್ಬಿ. ಈಗ ನಮ್ಮ ದೇಶದಲ್ಲಿ ಜಾಸ್ತಿ ಸಿಗುವುದು ಫೈಬರ್ ಗ್ಲಾಸಿನದು. ಹವಾಮಾನ ಇಲಾಖೆ ಬಳಸುವ ಮಾದರಿಯೂ ಇದೇ. ಐಎಸ್ 5225 ಅನ್ನುವ ಮಾನಕದ ಪ್ರಕಾರ ಮಾಡಿದ್ದಾ ಅಂತ ಕೇಳಿ ತಗೊಳ್ಳಿ.

ನಮ್ಮದರಲ್ಲಿ ಮೂರು ಭಾಗ. ಮೇಲೆ ಮಳೆ ಹಿಡಿಯುವ ಬಾಯಿ, ಒಳಗೆ ಆಳದಲ್ಲಿ ಆಲಿಕೆ. ನಡುವೆ ಪಾಲಿಥೀನ್ ಬಾಟಲಿ. ಕೆಳಗೆ ನೆಲದಲ್ಲಿ ಹೂತು ಕೂರಿಸುವ ಬುಡ. ಬಾಯಿಯ ಸುತ್ತ ಲೋಹದ ಬಳೆ ಇದೆ, ಅದರ ಅಂಚು ಚೂಪು. ಬೆರಳು ಸವರಿದರೆ ಗೊತ್ತಾಗುತ್ತದೆ. ಅದು ಚಂದಕ್ಕಲ್ಲ. ಅಂಚಿಗೆ ಬಿದ್ದ ಹನಿ ಒಳಗೋ ಹೊರಗೋ ಅನ್ನುವ ಗೊಂದಲ ಇರಬಾರದು ಅಂತ. ಆಲಿಕೆ ಆಳದಲ್ಲಿರುವುದಕ್ಕೂ ಕಾರಣ ಇದೆ. ಜೋರು ಹನಿ ಬಡಿದು ಹೊರಗೆ ಸಿಡಿಯಬಾರದು. ನಮ್ಮ ಮಳೆಯಲ್ಲಿ ಹನಿ ಹೇಗೆ ಬಡಿಯುತ್ತದೆ ಅಂತ ಗೊತ್ತಲ್ವಾ. ಪೇಟೆಯ ಅಂಗಡಿಯಲ್ಲಿ ಆಟದ ಸಾಮಾನಿನ ಹಾಗೆ ಸಿಗುವ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸುವ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಇದ್ಯಾವುದೂ ಇರುವುದಿಲ್ಲ. ಆಷಾಢದ ಒಂದು ರಾತ್ರಿಗೆ ಅದು ತುಂಬಿ ಹರಿದುಹೋಗುತ್ತದೆ.

ಮಾಪಕ ತಗೊಳ್ಳುವಾಗ ನಮ್ಮ ಕಡೆಯವರು ಗಮನ ಇಟ್ಟು ನೋಡಬೇಕಾದ್ದು ಅದರ ಹೊಟ್ಟೆಯನ್ನು. ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿ.ಮೀ. ಮಳೆ. 100 ಚದರ ಸೆಂಟಿಮೀಟರ್ ಬಾಯಿಯಾದರೆ ಒಂದು ಮಿ.ಮೀ. ಮಳೆಗೆ 10 ಮಿಲಿ ಲೀಟರ್ ನೀರು. 4 ಲೀಟರ್ ಬಾಟಲಿ ತುಂಬಬೇಕಾದರೆ 400 ಮಿ.ಮೀ. ಬೀಳಬೇಕು. ಅದೇ 200 ಚದರ ಸೆಂಟಿಮೀಟರ್ ಬಾಯಿ, 2 ಲೀಟರ್ ಬಾಟಲಿ ತಗೊಂಡರೆ 100 ಮಿ.ಮೀ.ಗೆ ಕತೆ ಮುಗಿಯಿತು. ಬಯಲುಸೀಮೆಗೆ ಹೆಚ್ಚಿನ ದಿನ ಅದು ಸಾಕು. ನಮಗೆ ಸಾಲುವುದಿಲ್ಲ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7,000 ಮಿ.ಮೀ. ಮೇಲೆ. ಸುಮಾರು 90 ಕಿ.ಮೀ. ಆಚೆ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಅಲ್ಲಿಗೆ ಹೊಂದುವ ಮಾಪಕ ಇಲ್ಲಿಗೆ ಹೊಂದುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಮಾರುವವರಿಗೆ ನಿಮ್ಮ ಊರು ಯಾವುದು ಅಂತ ಮೊದಲೇ ಹೇಳಿಬಿಡಿ.

ಗ್ಲಾಸಿನ ವಿಷಯದಲ್ಲೂ ಹುಷಾರು. 200ರ ಬಾಯಿಗೆ ಮಾಡಿದ ಗ್ಲಾಸನ್ನು 100ರ ಬಾಯಿಯ ಮಾಪಕದ ಜೊತೆ ಕಳಿಸಿದರೆ ನಿಮ್ಮ ಮಳೆ ಅರ್ಧಕ್ಕರ್ಧ ಆಗಿಬಿಡುತ್ತದೆ. ಗ್ಲಾಸಿನ ಮೇಲೆ ಯಾವ ಬಾಯಿಗೆ ಅಂತ ಅಚ್ಚು ಹಾಕಿರುತ್ತಾರೆ, ಓದಿ ನೋಡಿ. ಇಲ್ಲದಿದ್ದರೆ ಔಷಧಿ ಅಂಗಡಿಯಿಂದ ಒಂದು ಸಿರಿಂಜ್ ತಂದು 100 ಮಿಲಿ ನೀರು ಅಳೆದು ಸುರಿಯಿರಿ. ಗ್ಲಾಸು 10 ಮಿ.ಮೀ. ತೋರಿಸಬೇಕು. ತೋರಿಸದಿದ್ದರೆ ಅವತ್ತೇ ವಾಪಸ್ ಕಳಿಸಿ.

ಎಲ್ಲಿ ಇಡಬೇಕು ಅನ್ನುವುದು ಮಲೆನಾಡಿನಲ್ಲಿ ದೊಡ್ಡ ತಲೆನೋವು. ಹತ್ತಿರದ ಮರ ಅಥವಾ ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು. ನಾಲ್ಕು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಮನೆ ಸುತ್ತ ಐವತ್ತು ಅಡಿಯ ಅಡಿಕೆ ಮರ, ಹಿಂದೆ ಹಲಸು, ಮುಂದೆ ಗುಡ್ಡ. ಎಲ್ಲಿಂದ ತರುವುದು ಅಷ್ಟು ಬಯಲು? ಅಡಿಕೆ ಒಣಹಾಕುವ ಅಂಗಳ ಬಯಲಾಗಿಯೇ ಇದೆ. ಆದರೆ ಗಟ್ಟಿ ನೆಲಕ್ಕೆ ಬಡಿದ ಹನಿ ಪುಟಿದು ಮಾಪಕದೊಳಗೆ ಹೋಗುತ್ತದೆ. ಹುಲ್ಲು ನೆಲವೇ ಬೇಕು. ಕೊನೆಗೆ ನಮ್ಮನೆಯವರು ಗದ್ದೆಯ ಮೇಲಿನ ಹುಲ್ಲುದಿಣ್ಣೆ ತೋರಿಸಿದರು. ಜಂಬಿಟ್ಟಿಗೆ ಇಟ್ಟು ಸಣ್ಣ ಕಟ್ಟೆ ಕಟ್ಟಿ, ಬುಡ ಹೂತು, ಬಾಯಿ ಸರಿಯಾಗಿ ಮಟ್ಟ ಇದೆಯಾ ಅಂತ ಗಾರೆ ಕೆಲಸದ ರಸಮಟ್ಟ ಇಟ್ಟು ನೋಡಿಕೊಟ್ಟರು. ಬಾಯಿ ನೆಲದಿಂದ ಒಂದಡಿ ಎತ್ತರದಲ್ಲಿದೆ. ದನ ಮೂಸಿ ಉರುಳಿಸದ ಹಾಗೆ ಸುತ್ತ ತಂತಿ ಬೇಲಿ. ಮನೆಯಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಮಳೆಗಾಲದಲ್ಲಿ ಕಾಲಿಗೆ ರಕ್ತ ಹೀರುವ ಉಂಬಳ ಹತ್ತುವುದು ಗ್ಯಾರಂಟಿ. ಸುಣ್ಣ, ಹೊಗೆಸೊಪ್ಪಿನ ಪುಡಿ ಬೇಲಿಯ ಕಂಬದಲ್ಲೇ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಅಳೆಯುವ ಹೊತ್ತು ಬೆಳಗ್ಗೆ ಎಂಟೂವರೆ. ದೇಶದ ಎಲ್ಲ ಮಳೆ ಕೇಂದ್ರಗಳಲ್ಲೂ ಅದೇ ಹೊತ್ತು. ಹಾಗಾಗಿ ಪೇಪರಿನಲ್ಲಿ ಬರುವ ಅಂಕಿಯ ಜೊತೆ ನಮ್ಮದನ್ನು ಇಟ್ಟು ನೋಡಬಹುದು. ನನ್ನ ಮೊದಲ ಮೀಟಿಂಗ್ ಒಂಬತ್ತೂವರೆಗೆ. ನಡುವೆ ಇಷ್ಟು ಸಮಯ ನನ್ನದೇ ಅಂತ ಆಫೀಸಿನ ಕ್ಯಾಲೆಂಡರಿನಲ್ಲೂ ಹಾಕಿಟ್ಟಿದ್ದೇನೆ. ಯಾರೂ ಅಲ್ಲಿ ಮೀಟಿಂಗ್ ಇಡುವುದಿಲ್ಲ.

ಒಂದು ಜಾಸ್ತಿ ಬಾಟಲಿ ಬೇಕು ಅಂದೆನಲ್ಲ, ಅದರ ಉಪಯೋಗ ಇಲ್ಲಿ. ಸುರಿಯುವ ಮಳೆಯಲ್ಲಿ ನಿಂತು ಅಳೆಯಲಿಕ್ಕೆ ಹೋದರೆ ಗ್ಲಾಸಿಗೂ ಮಳೆ ಬೀಳುತ್ತದೆ, ಲೆಕ್ಕವೂ ಹಾಳು. ಖಾಲಿ ಬಾಟಲಿ ತಗೊಂಡು ಹೋಗುತ್ತೇನೆ. ಬಾಯಿ ಎತ್ತಿ, ತುಂಬಿದ್ದನ್ನು ತೆಗೆದು, ಖಾಲಿಯದನ್ನು ಇಟ್ಟು, ಮುಚ್ಚಳ ಹಾಕಿಕೊಂಡು ಮನೆಗೆ ಬರುತ್ತೇನೆ. ಅಳೆಯುವುದು ಜಗಲಿಯಲ್ಲಿ.

ಜಗಲಿಯಲ್ಲಿ ಮಾವ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿರುತ್ತಾರೆ. "ಎಷ್ಟು ಬಿತ್ತೇ?" ಅನ್ನುವುದು ಅವರ ಮೊದಲ ಮಾತು, ನಾನು ಇನ್ನೂ ಮೆಟ್ಟಿಲು ಹತ್ತುವಾಗಲೇ. ನನ್ನ ಗ್ಲಾಸು ಒಂದು ಸಲಕ್ಕೆ 20 ಮಿ.ಮೀ. ಅಳೆಯುತ್ತದೆ. ಗೆರೆಯಿಂದ ಗೆರೆಗೆ 0.2 ಮಿ.ಮೀ. ಜೋರು ಮಳೆಯ ದಿನ ಗ್ಲಾಸು ಮೇಲೆ ಗ್ಲಾಸು ಸುರಿಯಬೇಕು, ಎಷ್ಟನೆಯದು ಅಂತ ಮರೆಯುತ್ತದೆ. ಅದಕ್ಕೆ ಮಾವನೇ ಉಪಾಯ ಮಾಡಿದರು. ಒಂದು ಗ್ಲಾಸು ತುಂಬಿ ಚೆಲ್ಲಿದಾಗ ತಟ್ಟೆಯಿಂದ ಒಂದು ಅಡಿಕೆ ತೆಗೆದು ಪಕ್ಕಕ್ಕೆ ಇಡುತ್ತಾರೆ. ಕೊನೆಯ ಗ್ಲಾಸನ್ನು ಮಣೆಯ ಮೇಲಿಟ್ಟು, ನೀರು ಅಲುಗಾಡುವುದು ನಿಲ್ಲುವವರೆಗೆ ಕಾದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡುತ್ತೇನೆ. ನೀರು ಗಾಜಿನ ಅಂಚಿನಲ್ಲಿ ಸ್ವಲ್ಪ ಮೇಲೇರಿ, ನಡುವೆ ತಗ್ಗಿರುತ್ತದೆ. ಓದಬೇಕಾದ್ದು ಆ ತಗ್ಗನ್ನು. ಅಂಥ ಒಂದು ದಿನ ಎಂಟು ಅಡಿಕೆ, ಮೇಲೆ 3.4. ಒಟ್ಟು 163.4 ಮಿ.ಮೀ. "ಆರು ಇಂಚು ನಲವತ್ತಮೂರು ಸೆಂಟು" ಅಂತ ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿ, ಆಗಲೇ ಫೋನ್ ತಗೊಂಡು ಕೆಳಗಿನ ಮನೆಗೆ ಸುದ್ದಿ ಮುಟ್ಟಿಸಿದರು. ಮಗಳಿಗೆ ಬೇಕಾದ್ದು ಬೇರೆ. "ಅಮ್ಮಾ, ಇಷ್ಟು ಬಂದ್ರೆ ಡಿಸಿ ರಜೆ ಕೊಡ್ತಾರಲ್ವಾ?"

ಇದೆಲ್ಲ ಇರಲಿ, ಡಿಜಿಟಲ್ ಮಾಪಕ ಇರುವಾಗ ಇಷ್ಟು ಕಷ್ಟ ಯಾಕೆ ಅಂತ ಕೇಳುವವರಿದ್ದಾರೆ. ನನ್ನ ಹತ್ತಿರ ಅದೂ ಇದೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಯಾಕಂದರೆ ನಾನು ಹೇಳುವ ತೊಂದರೆ ಆ ಬಗೆಯ ಮಾಪಕಕ್ಕೆಲ್ಲ ಇರುವಂಥದ್ದು. ಅದರೊಳಗೆ ಮಕ್ಕಳ ಸೀಸಾ ಆಟದ ಹಾಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ಕೂಡಲೇ ವಾಲಿ ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ಸಲ ವಾಲಿದಾಗಲೂ ಒಂದು ಆಯಸ್ಕಾಂತ ಸ್ವಿಚ್ಚಿನ ಮುಂದೆ ಹಾಯ್ದು ಒಂದು ಎಣಿಕೆ. ನನ್ನದರಲ್ಲಿ ಒಂದು ಎಣಿಕೆಗೆ 0.3 ಮಿ.ಮೀ. ಉಪಾಯ ಚೆನ್ನಾಗಿದೆ. ಆದರೆ ಬಟ್ಟಲು ವಾಲುತ್ತಿರುವಾಗಲೂ ಆಲಿಕೆಯಿಂದ ನೀರು ಬೀಳುತ್ತಲೇ ಇರುತ್ತದೆ. ಆಗಲೇ ತುಂಬಿದ ಬಟ್ಟಲಿಗೆ ಬಿದ್ದ ಆ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಸೋನೆ ಮಳೆಯಲ್ಲಿ ಈ ನಷ್ಟ ಗೊತ್ತೇ ಆಗುವುದಿಲ್ಲ. ಹುಯ್ಯುವ ಮಳೆಯಲ್ಲಿ ಬಟ್ಟಲಿಗೆ ಬಿಡುವೇ ಇಲ್ಲ, ನಷ್ಟ ಕೂಡುತ್ತಾ ಹೋಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಮಳೆಗಾಲ ಪೂರ್ತಿ ನೋಡಿದೆ. ಹತ್ತು ಹದಿನೈದು ಮಿ.ಮೀ. ದಿನಗಳಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಕೈ ಅಳತೆಯಲ್ಲಿ 142 ಬಂದ ದಿನ ಡಿಜಿಟಲ್ ತೋರಿಸಿದ್ದು 124. ಮಳೆ ಜೋರಾದಷ್ಟೂ ಅಂತರ ಜಾಸ್ತಿ. ಅಂದರೆ ಯಾವ ದಿನದ ಅಂಕಿ ನಮಗೆ ಎಲ್ಲಕ್ಕಿಂತ ಮುಖ್ಯವೋ, ಅವತ್ತೇ ಅದು ಕಮ್ಮಿ ಹೇಳುತ್ತದೆ.

ಮತ್ತೆ ಕರೆಂಟು. ಜುಲೈನಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಮೂರು ದಿನ ಕತ್ತಲೆ. ಇನ್ವರ್ಟರ್ ಮೊದಲ ದಿನವೇ ಕೈ ಕೊಡುತ್ತದೆ. ವೈಫೈ ಇಲ್ಲ, ಮಾಹಿತಿ ಇಲ್ಲ. ಆಲಿಕೆಯೊಳಗೆ ಜೇಡ ಗೂಡು ಕಟ್ಟುತ್ತದೆ, ಒಂದು ಎಲೆ ಅಡ್ಡ ಬಂದರೂ ನೀರು ಇಳಿಯದೆ ಆ್ಯಪ್ ಸೊನ್ನೆ ತೋರಿಸುತ್ತದೆ. ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ! ಕೆಲಸದಲ್ಲೂ ನನಗೆ ಇಂಥ ಸೊನ್ನೆ ಕಂಡರೆ ನಿದ್ದೆ ಬರುವುದಿಲ್ಲ. ಏನೂ ನಡೆದಿಲ್ಲ ಅಂತ ಸೊನ್ನೆಯೋ, ಎಣಿಸುವವನೇ ಮಲಗಿದ್ದಾನೆ ಅಂತ ಸೊನ್ನೆಯೋ ಪರದೆ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಕೈ ಮಾಪಕದಲ್ಲಿ ಆ ಅನುಮಾನ ಇಲ್ಲ. ಬಾಟಲಿ ಖಾಲಿ ಇದ್ದರೆ ಎತ್ತಿದ ಕೂಡಲೇ ಕೈಗೇ ಗೊತ್ತಾಗುತ್ತದೆ.

ಹಾಗಂತ ಡಿಜಿಟಲ್ ಪ್ರಯೋಜನ ಇಲ್ಲ ಅಂತಲ್ಲ. ರಾತ್ರಿ ಎಷ್ಟು ಹೊತ್ತಿಗೆ ಜೋರಾಯಿತು, ಒಂದು ಗಂಟೆಯಲ್ಲಿ ಎಷ್ಟು ಹುಯ್ಯಿತು ಅನ್ನುವುದನ್ನು ಅದೊಂದೇ ಹೇಳಬಲ್ಲದು. ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಅದು ಬೇಕಾದ ಮಾಹಿತಿ. ದುಡ್ಡಿದ್ದರೆ ಎರಡೂ ಇಟ್ಟುಕೊಳ್ಳಿ. ಹೊತ್ತು ತಿಳಿಯಲು ಡಿಜಿಟಲ್, ಒಟ್ಟು ಎಷ್ಟು ಅಂತ ತಿಳಿಯಲು ಕೈ ಮಾಪಕ. ಒಂದೇ ಅಂದರೆ ಕೈ ಮಾಪಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಅಳೆಯುವ ಮಾಪಕಗಳನ್ನು ಹಾಕಿದೆ. ಇಷ್ಟು ಒತ್ತಾಗಿ ಮಾಪಕ ಇರುವುದು ನಮ್ಮ ರಾಜ್ಯದ ಹೆಮ್ಮೆ. ನಾನು ಅದರ ಅಂಕಿಯನ್ನೂ ದಿನಾ ನೋಡುತ್ತೇನೆ.

ಪಂಚಾಯಿತಿಯ ಮಾಪಕ ಇರುವಾಗ ಮನೆಯಲ್ಲಿ ಇನ್ನೊಂದು ಯಾಕೆ? ಇದಕ್ಕೆ ನನ್ನ ನಾದಿನಿಯ ಮನೆಯೇ ಉತ್ತರ. ಅವರ ಮನೆ ಗುಡ್ಡದ ಆಚೆ ಮಗ್ಗುಲಲ್ಲಿ. ನನ್ನ ಹುಚ್ಚು ಅವಳಿಗೂ ಹತ್ತಿ ಅಂಥದ್ದೇ ಮಾಪಕ ತರಿಸಿದಳು. ಆರಿದ್ರಾ ಮಳೆ ಆರದೆ ಹುಯ್ಯುವಾಗ ನಮ್ಮಿಬ್ಬರ ಅಂಕಿ ಹತ್ತಿರ ಹತ್ತಿರ. ಕಡಲಿನಿಂದ ಬಂದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಇಡೀ ಸೀಮೆಗೇ ಸುರಿಯುತ್ತದೆ. ಏಪ್ರಿಲ್ ತಿಂಗಳ ಗುಡುಗು ಮಳೆ ಹಾಗಲ್ಲ. ಬಿಸಿಲಿಗೆ ಕಾದ ಗಾಳಿ ಮೇಲೇರಿ, ಅಲ್ಲೇ ಮೋಡ ಕಟ್ಟಿ ಅಲ್ಲೇ ಸುರಿಯುವ ಮಳೆ ಅದು. ಒಂದು ಸಂಜೆ ನಮ್ಮಲ್ಲಿ 31 ಮಿ.ಮೀ., ಅಲ್ಲಿ ಒಂದು ಹನಿಯೂ ಇಲ್ಲ. "ನಿಮ್ಮಲ್ಲಿ ಬಂತಾ ಅತ್ತಿಗೆ? ನಮ್ಮಲ್ಲಿ ಬರೀ ಸದ್ದು" ಅಂತ ಅವಳ ಮೆಸೇಜು. ಎರಡು ಮನೆಗೂ ಒಂದೇ ಪಂಚಾಯಿತಿ.

ತೋಟಕ್ಕೂ ಇದು ಕೆಲಸಕ್ಕೆ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಎರಡನೆಯದು ಅಲ್ಲಿಂದ 40-45 ದಿನಕ್ಕೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನೇ ಸಲ ಹೊಡೆಯುವ ಹೊತ್ತಿಗೆ ಮಳೆ ಬಿಟ್ಟು ಹೊಳವಾಗಬೇಕಲ್ಲ, ಅದೇ ಕಷ್ಟ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಯಾವಾಗ ಬರಹೇಳುವುದು ಅಂತ ನಮ್ಮನೆಯವರು ಈಗ ನನ್ನ ಪುಸ್ತಕ ನೋಡುತ್ತಾರೆ. ಹಿಂದಿನ ವರ್ಷಗಳಲ್ಲಿ ಯಾವ ವಾರದಲ್ಲಿ ಹೊಳವು ಸಿಕ್ಕಿತ್ತು ಅಂತ ಅದರಲ್ಲಿದೆ. ಅದು ಭವಿಷ್ಯ ಹೇಳುವುದಿಲ್ಲ. ಆದರೆ ಸುಮ್ನೆ ಆಕಾಶ ನೋಡಿ ಕೂರುವುದಕ್ಕಿಂತ ಎಷ್ಟೋ ವಾಸಿ. ಬಸಿಗಾಲುವೆ ಎಷ್ಟು ಅಗಲ ತೆಗೆಯಬೇಕು ಅನ್ನುವುದಕ್ಕೂ ಇದೇ ಲೆಕ್ಕ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗೂ ಜಾಸ್ತಿ ನೀರು. ಇದನ್ನು ಕೇಳಿದ ಮೇಲೆ ನಮ್ಮನೆಯವರು ತೋಟದ ಕೆಳಗಿನ ಕಾಲುವೆಯನ್ನು ಅಗಲ ಮಾಡಿಸಿದರು.

ಪುಸ್ತಕ ಅಂದೆನಲ್ಲ, ಅದು ಉದ್ದ ಗೆರೆಯ ಒಂದು ಲೆಕ್ಕದ ಪುಸ್ತಕ. ಕಂಪ್ಯೂಟರಿನಲ್ಲೂ ಇದೆ, ಆದರೆ ಮೊದಲು ಬರೆಯುವುದು ಇದರಲ್ಲಿ. ಒಂದು ಕಡೆ ಇಂಗ್ಲಿಷ್ ತಾರೀಖು, ಇನ್ನೊಂದು ಕಡೆ ಮಳೆ ನಕ್ಷತ್ರ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮಾವ ತಿಂಗಳ ಲೆಕ್ಕ ಕೇಳುವುದಿಲ್ಲ, "ಪುಷ್ಯದಲ್ಲಿ ಎಷ್ಟಾಯ್ತು?" ಅಂತಲೇ ಕೇಳುತ್ತಾರೆ. ಹಾಗೆ ಕೂಡಿಸಿ ಇಟ್ಟಾಗ ಮನೆಯವರೆಲ್ಲ ಓದುವ ಪುಸ್ತಕವಾಯಿತು ಅದು. 2023ರ ಮೃಗಶಿರದ ಪುಟ ಹೆಚ್ಚುಕಮ್ಮಿ ಖಾಲಿ. ಆ ವರ್ಷ ಸರ್ಕಾರ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. ಮುಂದಿನ ವರ್ಷದ ಜುಲೈ ಪುಟದಲ್ಲಿ ಮೂರಂಕಿಯ ದಿನಗಳು ಒಂದರ ಹಿಂದೆ ಒಂದು. ಎರಡು ಪುಟ ಪಕ್ಕಪಕ್ಕ ತೆರೆದಿಟ್ಟರೆ ನನಗೆ ಎಷ್ಟು ಹೊತ್ತು ನೋಡಿದರೂ ಸಾಕಾಗುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಉಗ್ರಾಣದ ಬಳಿ ಮಳೆ ಅಳೆಯುವ ಕುಂಡ ಇಡಬೇಕು ಅಂತ ಹೇಳಿದೆ. ಅಷ್ಟು ಹಳೇ ಕೆಲಸದಲ್ಲಿ ನಮ್ಮ ಹುಲ್ಲುದಿಣ್ಣೆಗೂ ಒಂದು ಪಾಲು ಸಿಕ್ಕಿದೆ ಅಂತ ನನಗೆ ಹೆಮ್ಮೆ.

ಇನ್ನು ಈ ಮಾಪಕದ ಕೊರತೆಗಳು. ಗ್ಲಾಸು ಗಾಜಿನದು, ಒದ್ದೆ ಕೈಯಲ್ಲಿ ಜಾರುತ್ತದೆ. ಅಂಕಿಯ ಅಚ್ಚು ವರ್ಷಗಳ ಮೇಲೆ ಮಸುಕಾಗುತ್ತದೆ. ತೊಳೆಯುವಾಗ ಉಜ್ಜಬೇಡಿ, ಸುಮ್ನೆ ನೀರು ಹಾಕಿ ಜಾಲಿಸಿ. ಆಲಿಕೆಯಲ್ಲಿ ಹಾವಸೆ ಕಟ್ಟುತ್ತದೆ, ವಾರಕ್ಕೊಮ್ಮೆ ಹಳೇ ಬಟ್ಟೆಯಲ್ಲಿ ಒರೆಸಬೇಕು. ಮೇಲಿನ ಬಾಯಿ ಬುಡಕ್ಕೆ ಕೂರುವ ಜಾಗ ಮೊದಲ ಮಳೆಗಾಲದಲ್ಲಿ ಬಹಳ ಬಿಗಿ. ಒಂದು ಕೈಯಲ್ಲಿ ಕೊಡೆ ಹಿಡಿದು ಬಿಚ್ಚಲಿಕ್ಕೆ ಆಗುವುದಿಲ್ಲ. ಬೇಲಿಯ ಕಂಬಕ್ಕೆ ಕೊಡೆ ಸಿಕ್ಕಿಸಲು ಒಂದು ಕೊಕ್ಕೆ ಹಾಕಿಸಿದರೆ ಆರಾಮ. ಬಾಟಲಿಗೆ ಹಿಡಿಕೆ ಇಲ್ಲ. ನಾಲ್ಕು ಲೀಟರ್ ನೀರು ತುಂಬಿದ ನುಣುಪು ಬಾಟಲಿಯನ್ನು ಕೆಸರಿನ ದಾರಿಯಲ್ಲಿ ಹಿಡಿದು ತರುವವರ ಬಗ್ಗೆ ಇದನ್ನು ಮಾಡಿದವರು ಇನ್ನೂ ಸ್ವಲ್ಪ ಯೋಚನೆ ಮಾಡಬೇಕಿತ್ತು. ನಾನು ಬಾಟಲಿಯ ಕುತ್ತಿಗೆಗೆ ನಾರಿನ ಹಗ್ಗ ಕಟ್ಟಿದ್ದೇನೆ. ಊರಿಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಎರಡು ದಿನದ್ದು ಒಟ್ಟಾಗಿಯೇ ಸಿಗುತ್ತದೆ. ಅದನ್ನು ಭಾಗ ಮಾಡಿ ಬರೆಯಬೇಡಿ, ಒಟ್ಟು ಅಂತಲೇ ಬರೆದಿಡಿ. ಮನೆಯಲ್ಲಿ ಇನ್ನೊಬ್ಬರಿಗೆ ಕಲಿಸಿಟ್ಟರೆ ಆ ಚಿಂತೆಯೂ ಇಲ್ಲ. ನಮ್ಮಲ್ಲಿ ನಾನಿಲ್ಲದ ದಿನ ಅತ್ತೆ ಅಳೆಯುತ್ತಾರೆ, ನನಗಿಂತ ನಿಧಾನವಾಗಿ, ನನಗಿಂತ ಚೆನ್ನಾಗಿ.

ಬೆಲೆ ಮಾರುವವರನ್ನು ನೋಡಿ ಹೆಚ್ಚುಕಮ್ಮಿ ಆಗುತ್ತದೆ. ಶಾಲಾ ಕಾಲೇಜಿನ ಪ್ರಯೋಗಶಾಲೆಗೆ ಸಾಮಾನು ಕೊಡುವ ಅಂಗಡಿಯಲ್ಲಿ ಕೇಳಿದರೆ ತರಿಸಿಕೊಡುತ್ತಾರೆ, ಆನ್‌ಲೈನಿನಲ್ಲೂ ಸಿಗುತ್ತದೆ. ಗ್ಲಾಸು ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ, ಆಗುವುದಾದರೆ ಎರಡು ತಗೊಳ್ಳಿ. ಮತ್ತೆ ಮೇ ತಿಂಗಳೊಳಗೆ ತರಿಸಿ ಕಟ್ಟೆ ಕಟ್ಟಿಸಿಬಿಡಿ. ಮಳೆ ಹಿಡಿದ ಮೇಲೆ ಗಾರೆ ಒಣಗುವುದಿಲ್ಲ, ಗಾರೆಯವರೂ ಸಿಗುವುದಿಲ್ಲ.